ಜೂಜುವಾಡಿಯ ದಾರಿಯಲ್ಲಿ ಕ್ವಾಂಟಮ್ ದಾಳ

ಬೆಂಗಳೂರಿನಿಂದ ಹೊಸೂರು ರಸ್ತೆ ಹಿಡಿದು ಹೊರಟರೆ, ಅತ್ತಿಬೆಲೆ ದಾಟಿದ ಕೂಡಲೇ ಸಿಗುವ ಊರು ಜೂಜುವಾಡಿ. ಅಂಗಡಿ ಬೋರ್ಡಿನ ಅಕ್ಷರ ತಮಿಳಿಗೆ ತಿರುಗುವುದು ಇಲ್ಲಿಂದ. ಮಾತು ಮಾತ್ರ ಕನ್ನಡ, ತೆಲುಗು, ತಮಿಳು ಮೂರರಲ್ಲೂ ನಡೆಯುತ್ತದೆ. ಕಾವೇರಿ ಗಲಾಟೆಯ ದಿನಗಳಲ್ಲಿ ತಮಿಳುನಾಡಿನ ಬಸ್ಸುಗಳು ಇಲ್ಲಿಗೇ ನಿಂತು, ಜನ ಚೀಲ ಹೊತ್ತು ಗಡಿಯಾಚೆ ಅತ್ತಿಬೆಲೆಗೆ ನಡೆದದ್ದು ಈ ಕಡೆಯವರಿಗೆಲ್ಲ ನೆನಪಿದೆ. ಊರಿನ ಹೆಸರಿನ ಮೂಲ ಏನೇ ಇರಲಿ, ಕನ್ನಡದ ಕಿವಿಗೆ ಅದರಲ್ಲಿ ಮೊದಲು ಕೇಳುವುದು ‘ಜೂಜು’. ಕಳೆದ ನೂರು ವರ್ಷಗಳ ಭೌತವಿಜ್ಞಾನದ ಅತಿ ದೊಡ್ಡ ವಾದ ನಡೆದದ್ದೂ ಜೂಜಿನ ಮೇಲೆಯೇ.

1926ರ ಡಿಸೆಂಬರ್ 4ರಂದು ಆಲ್ಬರ್ಟ್ ಐನ್‌ಸ್ಟೈನ್ ತಮ್ಮ ಗೆಳೆಯ ಮ್ಯಾಕ್ಸ್ ಬಾರ್ನ್ ಅವರಿಗೆ ಒಂದು ಕಾಗದ ಬರೆದರು. ಕ್ವಾಂಟಮ್ ಮೆಕ್ಯಾನಿಕ್ಸ್ ಎಂಬ ಹೊಸ ಶಾಸ್ತ್ರ ಗೌರವಿಸತಕ್ಕದ್ದೇ, ಆದರೆ ದೇವರು ದಾಳ ಎಸೆಯುತ್ತಾನೆಂಬುದನ್ನು ತಮ್ಮ ಮನಸ್ಸು ಒಪ್ಪದು ಎಂಬುದು ಅದರ ತಾತ್ಪರ್ಯ. ಆ ಕಾಗದ ಪಡೆದ ಬಾರ್ನ್ ಒಂಬತ್ತು ವರ್ಷಗಳ ಮೇಲೆ ಬೆಂಗಳೂರಿಗೇ ಬಂದರು. ಜೂಜುವಾಡಿಯಿಂದ ಸುಮಾರು 40 ಕಿ.ಮೀ. ದೂರದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಆರು ತಿಂಗಳ ಕಾಲ ಇದ್ದರು.

2025ನೇ ಇಸವಿಯನ್ನು ವಿಶ್ವಸಂಸ್ಥೆ ಕ್ವಾಂಟಮ್ ವಿಜ್ಞಾನ ಮತ್ತು ತಂತ್ರಜ್ಞಾನದ ಅಂತರರಾಷ್ಟ್ರೀಯ ವರ್ಷವೆಂದು ಆಚರಿಸಿತು. ಪತ್ರಿಕೆಗಳಲ್ಲಿ, ಬಜೆಟ್ ಭಾಷಣಗಳಲ್ಲಿ, ಕಾಲೇಜಿನ ಜಾಹೀರಾತುಗಳಲ್ಲಿ ಈಗ ಆ ಪದ ಎಲ್ಲೆಲ್ಲೂ ಇದೆ. ಆದ್ದರಿಂದಲೇ ನಿಧಾನವಾಗಿ ಲೆಕ್ಕ ಹಾಕಬೇಕಾದ ಹೊತ್ತು ಇದು. ಈ ದಾಳದ ಶಾಸ್ತ್ರ ನಮಗೆ ಈಗಾಗಲೇ ಏನು ಕೊಟ್ಟಿದೆ? ಯಾವುದು ಅರ್ಧ ದಾರಿಯಲ್ಲಿದೆ? ಯಾವುದು ಇನ್ನೂ ಬರಿಯ ಭರವಸೆ?

ದಾಳದ ನಿಯಮ

1900ರಲ್ಲಿ ಮ್ಯಾಕ್ಸ್ ಪ್ಲಾಂಕ್, ಶಕ್ತಿ ಧಾರೆಯಾಗಿ ಹರಿಯದೆ ಕಾಳು ಕಾಳಾಗಿ ಸಿಗುತ್ತದೆಂದು ಊಹಿಸಿದರು. 1905ರಲ್ಲಿ ಐನ್‌ಸ್ಟೈನ್ ಬೆಳಕಿಗೂ ಅದನ್ನು ಅನ್ವಯಿಸಿದರು. 1924ರಲ್ಲಿ ಢಾಕಾದ ಸತ್ಯೇಂದ್ರನಾಥ ಬೋಸ್ ಆ ಬೆಳಕಿನ ಕಾಳುಗಳನ್ನು, ಎಂದರೆ ಫೋಟಾನ್‌ಗಳನ್ನು, ಎಣಿಸುವ ಸರಿಯಾದ ಬಗೆ ಕಂಡುಕೊಂಡರು. 1925ರಲ್ಲಿ ಹೈಸನ್‌ಬರ್ಗ್, 1926ರಲ್ಲಿ ಶ್ರೋಡಿಂಗರ್ ಇಡೀ ಶಾಸ್ತ್ರಕ್ಕೆ ಗಣಿತದ ಚೌಕಟ್ಟು ಕೊಟ್ಟರು. ಶ್ರೋಡಿಂಗರ್ ಸಮೀಕರಣದಿಂದ ಒಂದು ಅಲೆ ಹುಟ್ಟುತ್ತಿತ್ತು. ಅದು ಯಾವುದರ ಅಲೆ ಎಂಬುದು ಮಾತ್ರ ಯಾರಿಗೂ ತಿಳಿದಿರಲಿಲ್ಲ.

ಉತ್ತರ ಕೊಟ್ಟವರು ಬಾರ್ನ್. ಅದು ಸಂಭವದ ಅಲೆ. ಅದರ ಎತ್ತರದ ವರ್ಗವೇ ಕಣ ಅಲ್ಲಿ ಸಿಗುವ ಸಾಧ್ಯತೆ. ಅವರ 1926ರ ಪ್ರಬಂಧದಲ್ಲಿ ‘ವರ್ಗ’ ಎಂಬ ಮಾತು ಬಂದದ್ದು ಕರಡು ತಿದ್ದುವಾಗ ಸೇರಿಸಿದ ಒಂದು ಅಡಿಟಿಪ್ಪಣಿಯಲ್ಲಿ. ಆ ಟಿಪ್ಪಣಿಯ ವಿಚಾರಕ್ಕೆ 1954ರಲ್ಲಿ ನೊಬೆಲ್ ಸಂದಿತು.

ಪಗಡೆಯ ದಾಳಕ್ಕೂ ಈ ದಾಳಕ್ಕೂ ಎರಡು ವ್ಯತ್ಯಾಸಗಳಿವೆ. ಪಗಡೆಯ ದಾಳ ಹೇಗೆ ಬೀಳುತ್ತದೆಂಬುದು ನಮಗೆ ತಿಳಿಯದು, ಅಷ್ಟೆ. ಕೈಯ ವೇಗ, ಹಾಸಿನ ಒರಟು ಎಲ್ಲ ಗೊತ್ತಿದ್ದರೆ ಲೆಕ್ಕ ಹಾಕಿ ಹೇಳಬಹುದು. ಕ್ವಾಂಟಮ್ ದಾಳದ ಹಿಂದೆ ಅಂಥ ಬಚ್ಚಿಟ್ಟ ಸ್ಥಳೀಯ ಕಾರಣವಿಲ್ಲ. 1964ರಲ್ಲಿ ಜಾನ್ ಬೆಲ್ ಇದನ್ನು ಪ್ರಯೋಗದಿಂದ ಪರೀಕ್ಷಿಸುವ ದಾರಿ ತೋರಿಸಿದರು. ಆ ಪರೀಕ್ಷೆಗಳನ್ನು ಮಾಡಿ ತೋರಿಸಿದ ಆಸ್ಪೆ, ಕ್ಲೌಸರ್, ಜೈಲಿಂಗರ್ ಮೂವರಿಗೆ 2022ರ ನೊಬೆಲ್ ಬಂತು. ಎರಡನೆಯ ವ್ಯತ್ಯಾಸ ಇನ್ನೂ ಮುಖ್ಯ. ಕೆರೆಗೆ ಎರಡು ಕಲ್ಲು ಎಸೆದರೆ ಒಂದರ ಉಬ್ಬು ಇನ್ನೊಂದರ ತಗ್ಗಿಗೆ ಸಿಕ್ಕಿ ನೀರು ಅಲ್ಲಿ ಸುಮ್ಮನಾಗುತ್ತದೆ. ಸಂಭವದ ಅಲೆಗಳೂ ಹಾಗೆಯೇ ಒಂದನ್ನೊಂದು ಅಳಿಸುತ್ತವೆ, ಬೆಳೆಸುತ್ತವೆ. ದಾಳ ಬೀಳುವ ಮುನ್ನ ನಡೆಯುವ ಈ ಕೂಡು-ಕಳೆಯುವಿಕೆಯೇ ಕ್ವಾಂಟಮ್ ವಿಜ್ಞಾನದ ಜೀವಾಳ. ಮುಂದೆ ಹೇಳುವ ಎಲ್ಲ ಉಪಯೋಗಗಳೂ ಈ ದಾಳವನ್ನು ಪಳಗಿಸುವ ಬೇರೆ ಬೇರೆ ಬಗೆಗಳು.

ನಾಜಿಗಳ ಕಾನೂನಿನಿಂದ 1933ರಲ್ಲಿ ಗಾಟಿಂಗನ್ನಿನ ಹುದ್ದೆ ಕಳೆದುಕೊಂಡ ಬಾರ್ನ್ ಅವರನ್ನು 1935ರಲ್ಲಿ ಬೆಂಗಳೂರಿಗೆ ಕರೆಸಿದವರು ಸಿ.ವಿ. ರಾಮನ್. ಇಲ್ಲಿ ಅವರು ಎನ್.ಎಸ್. ನಾಗೇಂದ್ರನಾಥರೊಡನೆ ಬೆಳಕಿನ ಸಿದ್ಧಾಂತದ ಮೇಲೆ ಪ್ರಬಂಧ ಬರೆದರು. ಸೆಂಟ್ರಲ್ ಕಾಲೇಜಿನ ಬಿ.ಎಸ್. ಮಾಧವರಾವ್ ಅವರಿಗೂ ಬಾರ್ನ್ ಅವರೊಡನೆ ಕೆಲಸ ಮಾಡುವ ಅವಕಾಶ ಸಿಕ್ಕಿತು. ಬಾರ್ನ್ ಅವರಿಗೆ ಕಾಯಂ ಹುದ್ದೆ ಕೊಡಿಸಲು ರಾಮನ್ ಪಟ್ಟ ಪ್ರಯತ್ನ ಫಲಿಸಲಿಲ್ಲ. 1936ರಲ್ಲಿ ಅವರು ಎಡಿನ್‌ಬರೊಗೆ ಹೋದರು. ನಮ್ಮ ವಿಜ್ಞಾನದ ಇತಿಹಾಸದಲ್ಲಿ ಕೈಗೆ ಬಂದು ಜಾರಿದ ಅವಕಾಶಗಳಲ್ಲಿ ಇದನ್ನು ಮೊದಲ ಸಾಲಿನಲ್ಲಿ ಇಡಬೇಕು. ಸಮಾಧಾನದ ಮಾತೂ ಒಂದಿದೆ. 2010ರಲ್ಲಿ ಕೆನಡಾದ ವಾಟರ್‌ಲೂನಲ್ಲಿ ಬೆಳಕನ್ನು ಮೂರು ಸೀಳುಗಳ ಮೂಲಕ ಹಾಯಿಸಿ ಬಾರ್ನ್ ನಿಯಮವನ್ನು ಒರೆಗೆ ಹಚ್ಚಿದ ತಂಡದ ಉರ್ಬಸಿ ಸಿನ್ಹಾ ಮುಂದೆ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಕ್ವಾಂಟಮ್ ಪ್ರಯೋಗಾಲಯ ಕಟ್ಟಿದರು. ನಿಯಮ ಒರೆಗಲ್ಲಿಗೆ ನಿಂತಿತ್ತು.

ಕೋಟಿ ದಾಳಗಳ ಖಾತ್ರಿ

ಒಂದು ದಾಳದ ಬೀಳುವಿಕೆ ಯಾರ ಕೈಯಲ್ಲೂ ಇಲ್ಲ. ಕೋಟಿ ಕೋಟಿ ದಾಳ ಒಟ್ಟಿಗೆ ಬಿದ್ದಾಗ ಮಾತ್ರ ಸರಾಸರಿ ಕಲ್ಲಿನ ಮೇಲೆ ಬರೆದಂತೆ ಗಟ್ಟಿ. ಕ್ವಾಂಟಮ್ ವಿಜ್ಞಾನದ ಮೊದಲ ಕೊಡುಗೆಗಳೆಲ್ಲ ಈ ಸರಾಸರಿಯ ಮೇಲೆ ನಿಂತಿವೆ.

ಲೋಹದಲ್ಲಿ ವಿದ್ಯುತ್ ಏಕೆ ಹರಿಯುತ್ತದೆ, ಗಾಜಿನಲ್ಲಿ ಏಕೆ ಹರಿಯದು, ಸಿಲಿಕಾನ್ ನಡುವಿನಲ್ಲಿ ಏಕೆ ನಿಲ್ಲುತ್ತದೆ ಎಂಬುದನ್ನು ಬಿಡಿಸಿ ಹೇಳಿದ್ದು ಎಲೆಕ್ಟ್ರಾನಿನ ಅಲೆ. ಆ ತಿಳಿವಿನಿಂದ 1947ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಟ್ರಾನ್ಸಿಸ್ಟರ್ ಹುಟ್ಟಿತು. ಇಂದು ಒಂದು ಒಳ್ಳೆಯ ಮೊಬೈಲಿನ ಚಿಪ್‌ನಲ್ಲಿ ಸಾವಿರ ಕೋಟಿಗೂ ಮೀರಿ ಟ್ರಾನ್ಸಿಸ್ಟರುಗಳಿರುತ್ತವೆ. ಹೊಸೂರಿನ ಹತ್ತಿರದ ಕಾರ್ಖಾನೆಗಳಲ್ಲಿ ಫೋನಿನ ಭಾಗ ತಯಾರಿಸುವ ಹೆಣ್ಣುಮಕ್ಕಳು, ಟೋಲ್ ಗೇಟಿನಲ್ಲಿ ಫಾಸ್ಟ್ಯಾಗ್ ತೋರಿಸಿ ಸಾಗುವ ಲಾರಿ ಚಾಲಕರು, ಗುಲಾಬಿ ತೋಟಕ್ಕೆ ಸೌರಫಲಕದ ಪಂಪಿನಿಂದ ನೀರು ಹಾಯಿಸುವ ರೈತರು ಎಲ್ಲರೂ ಕ್ವಾಂಟಮ್ ಶಾಸ್ತ್ರದ ಫಲ ಉಣ್ಣುತ್ತಿರುವವರೇ. ಸೌರಫಲಕದಲ್ಲಿ ಒಂದು ಫೋಟಾನ್ ಒಂದು ಎಲೆಕ್ಟ್ರಾನನ್ನು ಎಬ್ಬಿಸುತ್ತದೆ. ಎಲ್‌ಇಡಿ ದೀಪದಲ್ಲಿ ಇದೇ ಕ್ರಿಯೆ ಹಿಮ್ಮುಖವಾಗಿ ನಡೆಯುತ್ತದೆ.

ಗೋಡೆ ಹತ್ತಲು ಶಕ್ತಿ ಸಾಲದ ಎಲೆಕ್ಟ್ರಾನ್ ಗೋಡೆಯ ಆಚೆ ಕಾಣಿಸಿಕೊಳ್ಳುವುದೂ ಉಂಟು. ಅದರ ಅಲೆ ತೆಳುವಾದ ಗೋಡೆಯೊಳಗೆ ಸೋರಿ, ಆಚೆಯೂ ಸಣ್ಣ ಸಾಧ್ಯತೆ ಉಳಿಸುತ್ತದೆ. ಇದಕ್ಕೆ ಟನೆಲಿಂಗ್ ಎಂದು ಹೆಸರು. ಪೆನ್‌ಡ್ರೈವಿನಲ್ಲಿ ಫೋಟೊ ಉಳಿಯುವುದು ಹೀಗೆ ಗೋಡೆ ದಾಟಿ ಸೆರೆಯಾದ ಎಲೆಕ್ಟ್ರಾನುಗಳಿಂದ. ಕಣ್ಣಿಗೆ ಕಾಣದ ಒಂಟಿ ಕಣಕ್ಕೆ ಮಾತ್ರ ಸಲ್ಲುತ್ತದೆಂದು ಬಹುಕಾಲ ಭಾವಿಸಿದ್ದ ಈ ದಾಟು ಕೈಯಲ್ಲಿ ಹಿಡಿಯಬಹುದಾದ ಅತಿವಾಹಕ ಮಂಡಲದಲ್ಲೂ ನಡೆಯುತ್ತದೆಂದು ಕ್ಲಾರ್ಕ್, ಡೆವರೆ, ಮಾರ್ಟಿನಿಸ್ 1984-85ರಲ್ಲಿ ತೋರಿಸಿದರು. 2025ರ ಭೌತವಿಜ್ಞಾನ ನೊಬೆಲ್ ಅವರದು. ಇಂದಿನ ಹಲವು ಕ್ವಾಂಟಮ್ ಕಂಪ್ಯೂಟರುಗಳ ಬೇರು ಆ ಪ್ರಯೋಗದಲ್ಲಿದೆ.

ಆಸ್ಪತ್ರೆಯ ಎಂಆರ್‌ಐ ಯಂತ್ರವನ್ನೂ ನೋಡಿ. ನಮ್ಮ ಮೈಯ ನೀರಿನಲ್ಲಿರುವ ಹೈಡ್ರೊಜನ್ ಬೀಜಗಳು ಪುಟ್ಟ ಅಯಸ್ಕಾಂತಗಳು. 1.5 ಟೆಸ್ಲಾ ಯಂತ್ರದಲ್ಲಿ ಅವುಗಳಲ್ಲಿ ಹೆಚ್ಚಿನವು ಒಂದಕ್ಕೊಂದು ಎದುರಾಗಿ ರದ್ದಾಗುತ್ತವೆ. ಹತ್ತು ಲಕ್ಷಕ್ಕೆ ಸುಮಾರು 5 ಮಾತ್ರ ಹೆಚ್ಚುವರಿಯಾಗಿ ಒಂದೇ ದಿಕ್ಕಿಗೆ ಉಳಿಯುತ್ತವೆ. ಆ ಐದರ ಸಣ್ಣ ಓರೆಯಿಂದಲೇ ಮಿದುಳಿನ ಚಿತ್ರ ಮೂಡುತ್ತದೆ.

ಗಡಿಯಾರ: ಅಳತೆಯ ಗೆಲುವು

ಹೊಸೂರಿನ ಟೈಟಾನ್ ಕಾರ್ಖಾನೆ ಮನೆಮನೆಗೆ ಕ್ವಾರ್ಟ್ಜ್ ಗಡಿಯಾರ ತಲುಪಿಸಿತು. ಅದರೊಳಗಿನ ಸ್ಫಟಿಕ ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಆದರೆ ಒಂದು ಸ್ಫಟಿಕದಂತೆ ಇನ್ನೊಂದಿರದು. ಬಿಸಿಲು ಚಳಿಗೆ ಅದರ ಗತಿ ಬದಲಾಗುತ್ತದೆ. ತಿಂಗಳಿಗೆ ಕೆಲವು ಸೆಕೆಂಡು ಹಿಂದೆ ಮುಂದೆ ಆಗುತ್ತದೆ. ಪರಮಾಣುಗಳಲ್ಲಿ ಅಂಥ ಭೇದವಿಲ್ಲ. ಪ್ರಪಂಚದ ಎಲ್ಲ ಸೀಸಿಯಮ್-133 ಪರಮಾಣುಗಳೂ ಒಂದೇ ಅಚ್ಚು. ಅದಕ್ಕಾಗಿಯೇ 1967ರಲ್ಲಿ ಸೆಕೆಂಡನ್ನು ಆ ಪರಮಾಣುವಿನ 9,19,26,31,770 ಕಂಪನಗಳ ಅವಧಿ ಎಂದು ಗೊತ್ತುಮಾಡಿದರು.

ಈ ನಿಖರತೆಯ ಬೆಲೆ ರಸ್ತೆಯ ಮೇಲೆ ತಿಳಿಯುತ್ತದೆ. ಬೆಳಕು ಒಂದು ಮೈಕ್ರೋಸೆಕೆಂಡಿನಲ್ಲಿ 300 ಮೀಟರ್ ಓಡುತ್ತದೆ. ಉಪಗ್ರಹದ ಗಡಿಯಾರ ಅಷ್ಟು ತಪ್ಪಿದರೆ, ಫೋನಿನ ನಕ್ಷೆಯಲ್ಲಿ ಜೂಜುವಾಡಿಯ ಗಡಿಯಂಚಿನಲ್ಲಿರುವವರು ಗಡಿಯಾಚೆ ಕಾಣಿಸಿಕೊಂಡಾರು. ಉಪಗ್ರಹಗಳಿಂದ ದಾರಿ ತೋರುವ ನಮ್ಮದೇ ನಾವಿಕ್ ವ್ಯವಸ್ಥೆ ಈ ಪಾಠವನ್ನು ಕಷ್ಟಪಟ್ಟು ಕಲಿಯಿತು. 2013ರಲ್ಲಿ ಹಾರಿದ ಮೊದಲ ಉಪಗ್ರಹದ ಮೂರೂ ರುಬಿಡಿಯಮ್ ಗಡಿಯಾರಗಳು ಕೆಲವೇ ವರ್ಷಗಳಲ್ಲಿ ಕೆಟ್ಟವು. ಅವು ವಿದೇಶದಿಂದ ತರಿಸಿದವು. ಇಸ್ರೊ ಹಟ ಹಿಡಿದು ತಾನೇ ಗಡಿಯಾರ ತಯಾರಿಸಿತು. 2023ರ ಮೇ 29ರಂದು ಹಾರಿದ ಎನ್‌ವಿಎಸ್-01 ಉಪಗ್ರಹದಲ್ಲಿ ಅಹಮದಾಬಾದಿನಲ್ಲಿ ಕಟ್ಟಿದ ಪರಮಾಣು ಗಡಿಯಾರವಿದೆ. ಕ್ವಾಂಟಮ್ ತಂತ್ರಜ್ಞಾನದಲ್ಲಿ ಸ್ವಾವಲಂಬನೆ ಏಕೆ ಬೇಕು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉತ್ತರ ಬೇಡ.

ಅಳತೆಯ ವಿದ್ಯೆಯಲ್ಲಿ ಬೆಂಗಳೂರಿನ ಪಾಲು ದೊಡ್ಡದು. ರಾಮನ್ ಇಲ್ಲಿಗೆ ಬರುವ ಮುನ್ನ, 1928ರ ಫೆಬ್ರವರಿ 28ರಂದು, ಕಲ್ಕತ್ತೆಯಲ್ಲಿ ಕಂಡ ಪರಿಣಾಮ, ಫೋಟಾನ್ ಅಣುವಿನೊಂದಿಗೆ ನಡೆಸುವ ಶಕ್ತಿಯ ಕೊಡುಕೊಳೆ. ಯಾವ ಅಣು ಎಷ್ಟು ಕೊಳ್ಳುತ್ತದೆಂಬುದು ಅದರ ಬೆರಳಚ್ಚು. ಔಷಧಿಯ ಕಲಬೆರಕೆ, ರತ್ನದ ಅಸಲಿತನ, ಅಪರಾಧ ಸ್ಥಳದ ಪುಡಿ ಎಲ್ಲವನ್ನೂ ಇಂದು ರಾಮನ್ ರೋಹಿತದಿಂದ ಗುರುತಿಸುತ್ತಾರೆ. 1935-36ರಲ್ಲಿ ರಾಮನ್ ಮತ್ತು ನಾಗೇಂದ್ರನಾಥರು ದ್ರವದಲ್ಲಿನ ಶಬ್ದದ ಅಲೆ ಬೆಳಕನ್ನು ಹೇಗೆ ಚದರಿಸುತ್ತದೆಂದು ವಿವರಿಸಿದರು. ಪರಮಾಣುಗಳನ್ನು ಲೇಸರಿನಿಂದ ಆಳುವ ಇಂದಿನ ಪ್ರಯೋಗಾಲಯಗಳಲ್ಲಿ ಶಬ್ದದಿಂದ ಬೆಳಕನ್ನು ತಿರುಗಿಸುವ ಉಪಕರಣವಿಲ್ಲದ ಮೇಜು ಅಪರೂಪ.

ಇನ್ನೊಂದು ಹೆಸರನ್ನು ಕನ್ನಡ ನಾಡು ಹೆಚ್ಚು ನೆನೆಯಬೇಕು: ಎಸ್. ಪಂಚರತ್ನಂ. ರಾಮನ್ ಸಂಸ್ಥೆಯಲ್ಲಿದ್ದ ಈ ತರುಣ 1956ರಲ್ಲಿ, ತಮ್ಮ 22ನೇ ವಯಸ್ಸಿನಲ್ಲಿ, ಒಂದು ವಿಚಿತ್ರ ಕಂಡುಹಿಡಿದರು. ಗುಡಿಗೆ ಪ್ರದಕ್ಷಿಣೆ ಹಾಕಿದವರು ಹೊರಟ ಜಾಗಕ್ಕೇ ಮರಳುತ್ತಾರೆ, ಆದರೆ ಸುತ್ತಿದ ಫಲ ಜೊತೆಗಿರುತ್ತದೆ. ಹಾಗೆಯೇ ಬೆಳಕಿನ ಧ್ರುವೀಕರಣವನ್ನು, ಎಂದರೆ ಅದರ ಅಲೆ ಆಡುವ ದಿಕ್ಕನ್ನು, ಬದಲಿಸುತ್ತ ಹೋಗಿ ಮೊದಲಿನ ಸ್ಥಿತಿಗೆ ತಂದರೂ, ಅದರ ಅಲೆಯಲ್ಲಿ ಸುತ್ತಿದ ದಾರಿಯ ಗುರುತು ಉಳಿಯುತ್ತದೆ. 1984ರಲ್ಲಿ ಮೈಕೆಲ್ ಬೆರಿ ಇದೇ ತತ್ವವನ್ನು ಕ್ವಾಂಟಮ್ ವ್ಯವಸ್ಥೆಗಳಿಗೆಲ್ಲ ವಿಸ್ತರಿಸಿದರು. 1986ರಲ್ಲಿ ರಾಮಶೇಷನ್ ಮತ್ತು ನಿತ್ಯಾನಂದ ಪಂಚರತ್ನಂ ಕೆಲಸದ ಕಡೆಗೆ ಲೋಕದ ಗಮನ ಸೆಳೆದರು. ಅದನ್ನು ನೋಡಲು ಪಂಚರತ್ನಂ ಇರಲಿಲ್ಲ, 1969ರಲ್ಲೇ ತೀರಿಕೊಂಡಿದ್ದರು.

ಬೀಗ ಮತ್ತು ಕೀಲಿ

ಗುಟ್ಟು ಕಾಯುವ ಕ್ವಾಂಟಮ್ ವಿದ್ಯೆಯ ಮೂಲ ಪ್ರಬಂಧ ಮೊದಲು ಪ್ರಕಟವಾದದ್ದು ಬೆಂಗಳೂರಿನ ಸಮ್ಮೇಳನವೊಂದರಲ್ಲಿ ಎಂಬುದು ಅನೇಕರಿಗೆ ತಿಳಿಯದು. 1984ರ ಡಿಸೆಂಬರಿನಲ್ಲಿ ಇಲ್ಲಿ ನಡೆದ ಕಂಪ್ಯೂಟರ್ ಮತ್ತು ಸಂಕೇತ ಸಂಸ್ಕರಣೆಯ ಅಂತರರಾಷ್ಟ್ರೀಯ ಸಮ್ಮೇಳನದ ಸಂಪುಟದಲ್ಲಿ, 175ರಿಂದ 179ನೇ ಪುಟದವರೆಗೆ, ಚಾರ್ಲ್ಸ್ ಬೆನೆಟ್ ಮತ್ತು ಜಿಲ್ ಬ್ರಸಾರ್ ಅವರ ಆ ಐದು ಪುಟಗಳಿವೆ. ಅವರ ವಿಧಾನ ‘ಬಿಬಿ84’ ಎಂದೇ ಹೆಸರಾಯಿತು.

ಅದರ ಉಪಾಯ ಸರಳ. ಒಂದೊಂದೇ ಫೋಟಾನನ್ನು ಬೇರೆ ಬೇರೆ ಕೋನದ ಧ್ರುವೀಕರಣದಲ್ಲಿ ಕಳಿಸಿ ಗುಪ್ತ ಕೀಲಿಯನ್ನು ಹಂಚಿಕೊಳ್ಳುವುದು. ನಡುವೆ ಕದ್ದು ನೋಡುವವರು ನೋಡಿದಾಗಲೇ ದಾಳ ಬೀಳುತ್ತದೆ. ಕದ್ದು ನೋಡಿ ಮುಂದೆ ಕಳಿಸಿದರೆ, ಹೋಲಿಸಿದ ಅಂಕಿಗಳಲ್ಲಿ ನಾಲ್ಕಕ್ಕೆ ಒಂದರಂತೆ ತಪ್ಪು ಕಾಣುತ್ತದೆ. ಫೋಟಾನಿನ ನಕಲು ತೆಗೆಯೋಣವೆಂದರೆ ಅದೂ ಆಗದು. ಗೊತ್ತಿಲ್ಲದ ಕ್ವಾಂಟಮ್ ಸ್ಥಿತಿಯನ್ನು ನಕಲು ಮಾಡಲು ಬಾರದೆಂದು 1982ರಲ್ಲೇ ಸಾಧಿಸಿದ್ದರು.

2021ರಲ್ಲಿ ರಾಮನ್ ಸಂಸ್ಥೆಯ ತಂಡ ಎರಡು ಕಟ್ಟಡಗಳ ನಡುವೆ ಗಾಳಿಯಲ್ಲೇ ಇಂಥ ಕೀಲಿ ಕಳಿಸಿತು. ಅದೇ ವರ್ಷ ಇಸ್ರೊ ಅಹಮದಾಬಾದಿನಲ್ಲಿ 300 ಮೀಟರ್ ದೂರಕ್ಕೆ ಕಳಿಸಿತು. ಚೀನಾ ತನ್ನ ಮಿಷಿಯಸ್ ಉಪಗ್ರಹದಿಂದ 2017ರಲ್ಲೇ ಪರಸ್ಪರ 1,200 ಕಿ.ಮೀ. ದೂರದ ಎರಡು ಕೇಂದ್ರಗಳಿಗೆ, ಒಂದರ ಅಳತೆ ಇನ್ನೊಂದರದಕ್ಕೆ ತಾಳೆಯಾಗುವಂತೆ ಹೆಣೆದ ಫೋಟಾನ್ ಜೋಡಿಗಳನ್ನು ಹಂಚಿತ್ತು.

ಇದರ ಮಿತಿಯನ್ನೂ ನೇರವಾಗಿ ಹೇಳಬೇಕು. ಒಳ್ಳೆಯ ಗಾಜಿನ ಎಳೆಯಲ್ಲೂ ಬೆಳಕು ಪ್ರತಿ 50 ಕಿ.ಮೀ.ಗೆ ಹತ್ತನೇ ಒಂದು ಪಾಲಿಗೆ ಇಳಿಯುತ್ತದೆ. ಬೆಂಗಳೂರಿನಿಂದ ರಸ್ತೆಗುಂಟ ಎಳೆ ಹಾಕಿ ಫೋಟಾನ್ ಬಿಟ್ಟರೆ ಐದಾರರಲ್ಲಿ ಒಂದು ಜೂಜುವಾಡಿ ಮುಟ್ಟುತ್ತದೆ. 350 ಕಿ.ಮೀ. ದಾಟಿ ಚೆನ್ನೈ ಮುಟ್ಟುವುದು ಕೋಟಿಗೆ ಒಂದು. ಸಾಮಾನ್ಯ ಸಂಕೇತವನ್ನು ನಡುವೆ ಹಿಗ್ಗಿಸಿ ಕಳಿಸಬಹುದು. ನಕಲಾಗದ ಫೋಟಾನನ್ನು ಹಿಗ್ಗಿಸಲು ಬಾರದು. ಆದ್ದರಿಂದ ನಡುನಡುವೆ ಕಾವಲಿರುವ ಠಾಣೆಗಳು ಬೇಕು. ಠಾಣೆಯೊಳಗೆ ಕೀಲಿ ಬಯಲಾಗಿರುತ್ತದೆ. ಅಲ್ಲಿ ನಂಬಿಕೆ ಇಡಬೇಕಾದದ್ದು ಕಾವಲಿನವರ ಮೇಲೆ.

ಬೀಳದಂತೆ ಹಿಡಿದ ದಾಳ

ಕ್ವಾಂಟಮ್ ಕಂಪ್ಯೂಟರಿನ ಕೆಲಸ ಇದೆಲ್ಲಕ್ಕಿಂತ ಕಠಿಣ. ಸಾಮಾನ್ಯ ಬಿಟ್ 0 ಅಥವಾ 1. ಕ್ಯುಬಿಟ್‌ನಲ್ಲಿ ಎರಡರ ಅಲೆಗಳೂ ಒಟ್ಟಿಗಿರುತ್ತವೆ. 300 ಕ್ಯುಬಿಟ್‌ಗಳ ಸ್ಥಿತಿಯನ್ನು ಪೂರ್ತಿ ಬರೆದಿಡಲು ಬೇಕಾದ ಅಂಕಿಗಳು, ಕಾಣುವ ವಿಶ್ವದ ಪರಮಾಣುಗಳಿಗಿಂತ ಹೆಚ್ಚು. ‘ಎಲ್ಲ ಉತ್ತರವನ್ನೂ ಒಮ್ಮೆಗೇ ಪರೀಕ್ಷಿಸುತ್ತದೆ’ ಎಂದು ಪತ್ರಿಕೆಗಳು ಬರೆಯುವುದು ದಾರಿ ತಪ್ಪಿಸುವ ಮಾತು. ಕೊನೆಗೆ ಅಳೆದಾಗ ಸಿಗುವುದು ಒಂದೇ ಉತ್ತರ. ದಾಳ ಬೀಳುವ ಮುನ್ನ ತಪ್ಪು ಉತ್ತರದ ಅಲೆಗಳು ಒಂದನ್ನೊಂದು ಅಳಿಸುವಂತೆ, ಸರಿಯುತ್ತರದವು ಕೂಡಿ ಬೆಳೆಯುವಂತೆ ಹೆಜ್ಜೆ ಜೋಡಿಸಬೇಕು. ಅಂಥ ಜೋಡಣೆ ಕೆಲವೇ ಸಮಸ್ಯೆಗಳಿಗೆ ಗೊತ್ತಿದೆ. 1994ರಲ್ಲಿ ಪೀಟರ್ ಶೋರ್ ದೊಡ್ಡ ಸಂಖ್ಯೆಯ ಅಪವರ್ತನ ಕಂಡುಹಿಡಿಯಲು ಕೊಟ್ಟರು. ದೆಹಲಿ ಐಐಟಿಯಲ್ಲಿ ಓದಿದ ಲವ್ ಗ್ರೋವರ್ 1996ರಲ್ಲಿ ಹುಡುಕಾಟಕ್ಕೆ ಕೊಟ್ಟರು.

ಇನ್ನೊಂದು ನಿಜವಾದ ಉಪಯೋಗ ರಸಾಯನವಿಜ್ಞಾನದಲ್ಲಿದೆ. ಬೇಳೆಕಾಳಿನ ಬೇರಿನ ಗಂಟಿನಲ್ಲಿರುವ ಬ್ಯಾಕ್ಟೀರಿಯಾ ತನ್ನ ಕಿಣ್ವವೊಂದರಿಂದ ಗಾಳಿಯ ಸಾರಜನಕವನ್ನು ಸಾಧಾರಣ ಬಿಸಿಯಲ್ಲೇ ಗೊಬ್ಬರವಾಗಿಸುತ್ತದೆ. ಕಾರ್ಖಾನೆಗೆ ಅದೇ ಕೆಲಸಕ್ಕೆ ಭಾರಿ ಒತ್ತಡ, ಭಾರಿ ಶಾಖ ಬೇಕು. ಆ ಕಿಣ್ವದ ಎಲೆಕ್ಟ್ರಾನುಗಳ ಲೆಕ್ಕ ಇಂದಿನ ಮಹಾಗಣಕಗಳಿಗೂ ಕಷ್ಟ. ಹಾಗೆಂದು ಕ್ವಾಂಟಮ್ ಕಂಪ್ಯೂಟರಿಗಾಗಿ ಕೈಕಟ್ಟಿ ಕುಳಿತವರಿಲ್ಲ. ವಾಲ್ಟರ್ ಕೋನ್ ಅವರಿಗೆ 1998ರ ನೊಬೆಲ್ ತಂದ ವಿಧಾನದಿಂದ ವಿಜ್ಞಾನಿಗಳು ಬ್ಯಾಟರಿಯ ಲವಣ, ಔಷಧಿಯ ಅಣುಗಳನ್ನು ಸಾಮಾನ್ಯ ಕಂಪ್ಯೂಟರುಗಳಲ್ಲೇ ದಿನವೂ ಲೆಕ್ಕ ಹಾಕುತ್ತಿದ್ದಾರೆ.

ಯಂತ್ರಗಳು ಎಲ್ಲಿಗೆ ಬಂದಿವೆ? 2024ರ ಡಿಸೆಂಬರಿನಲ್ಲಿ ಗೂಗಲ್ ತನ್ನ 105 ಕ್ಯುಬಿಟ್‌ಗಳ ಚಿಪ್‌ನಲ್ಲಿ ಕ್ಯುಬಿಟ್ ಹೆಚ್ಚಿಸಿದಷ್ಟೂ ತಪ್ಪು ಕಡಿಮೆಯಾಗುವುದನ್ನು ತೋರಿಸಿತು. ಇದು ದೊಡ್ಡ ಹೆಜ್ಜೆ. ಬೆಂಗಳೂರಿನ ಕ್ಯುಪಿಎಐ ಕಂಪನಿ 2025ರ ಏಪ್ರಿಲಿನಲ್ಲಿ 25 ಕ್ಯುಬಿಟ್‌ಗಳ ಯಂತ್ರ ಪ್ರಕಟಿಸಿತು. ಆದರೆ ದೊಡ್ಡ ಸಂಖ್ಯೆಯ ಅಪವರ್ತನ ಕಷ್ಟವೆಂಬುದರ ಮೇಲೆ ನಿಂತ, ಇಂದಿನ ಬ್ಯಾಂಕುಗಳು ನಂಬುವ 2048 ಬಿಟ್‌ನ ಆರ್‌ಎಸ್‌ಎ ಬೀಗ ಮುರಿಯಲು ಎಷ್ಟು ಬೇಕು? 2019ರಲ್ಲಿ ಎರಡು ಕೋಟಿ ಕ್ಯುಬಿಟ್ ಎಂಬ ಅಂದಾಜಿತ್ತು. 2025ರಲ್ಲಿ, ಆ ಅಂದಾಜು ಮಾಡಿದವರಲ್ಲಿ ಒಬ್ಬರಾದ ಕ್ರೇಗ್ ಗಿಡ್ನಿ ಅದನ್ನು ಹತ್ತು ಲಕ್ಷಕ್ಕಿಂತ ಕೆಳಗೆ ಇಳಿಸಿದರು. ಯಂತ್ರ ಇನ್ನೂ ದೂರದಲ್ಲಿದೆ; ಆದರೆ ದೂರ ಎರಡೂ ಕಡೆಯಿಂದ ಸವೆಯುತ್ತಿದೆ.

ಪಣ ಎಲ್ಲಿ ಕಟ್ಟಬೇಕು?

2023ರ ಏಪ್ರಿಲ್ 19ರಂದು ಕೇಂದ್ರ ಸಂಪುಟ ₹6,003.65 ಕೋಟಿಯ ರಾಷ್ಟ್ರೀಯ ಕ್ವಾಂಟಮ್ ಮಿಷನ್‌ಗೆ ಒಪ್ಪಿಗೆ ಕೊಟ್ಟಿತು. 2030-31ರವರೆಗಿನ ಯೋಜನೆ ಇದು. ಕಂಪ್ಯೂಟರಿನ ಕೇಂದ್ರ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಸಂವಹನದ ಕೇಂದ್ರ ಮದ್ರಾಸ್ ಐಐಟಿಯಲ್ಲಿ, ಅಳತೆಯದು ಬಾಂಬೆ ಐಐಟಿಯಲ್ಲಿ, ವಸ್ತುಗಳದು ದೆಹಲಿ ಐಐಟಿಯಲ್ಲಿ. ಮೊದಲ ಎರಡನ್ನೂ ಕೂಡಿಸುವ ಹೆದ್ದಾರಿಯ ಮೇಲೆಯೇ ಜೂಜುವಾಡಿ ಇದೆ.

ಮೇಲಿನ ಲೆಕ್ಕವೆಲ್ಲ ನೋಡಿದ ಮೇಲೆ ನನ್ನ ತೀರ್ಮಾನ ಇಷ್ಟು. ಅಳತೆ ಮತ್ತು ವಸ್ತುಗಳ ಕ್ವಾಂಟಮ್ ವಿದ್ಯೆ ಜೂಜಲ್ಲ. ಫಲ ಕಣ್ಣೆದುರಿದೆ, ಅಲ್ಲಿ ಧೈರ್ಯವಾಗಿ ಹಣ ಹಾಕಬೇಕು. ಕೀಲಿ ಹಂಚುವ ವಿದ್ಯೆ ಅರ್ಧ ದಾರಿ ಬಂದಿದೆ. ಸೇನೆ, ವಿದ್ಯುತ್ ಜಾಲದಂಥ ಆಯ್ದ ಕಡೆಗೆ ಸರಿ. ಕಂಪ್ಯೂಟರ್ ದೀರ್ಘಕಾಲದ ಪಣ. ಹತ್ತು ವರ್ಷಕ್ಕೆ ಲಾಭ ಕೇಳದೆ, ಮನುಷ್ಯರನ್ನು ತಯಾರು ಮಾಡುವ ದೃಷ್ಟಿಯಿಂದ ಅದನ್ನು ಪೋಷಿಸಬೇಕು. ಆದರೆ ಒಂದು ಕೆಲಸ ಕಾಯುವಂತಿಲ್ಲ: ಬೀಗ ಬದಲಿಸುವುದು. ಕ್ವಾಂಟಮ್ ಯಂತ್ರಕ್ಕೂ ಬಗ್ಗದ ಗಣಿತದ ಹೊಸ ಬೀಗಗಳ ಮೂರು ಮಾನದಂಡಗಳನ್ನು ಅಮೆರಿಕದ ನಿಸ್ಟ್ ಸಂಸ್ಥೆ 2024ರ ಆಗಸ್ಟಿನಲ್ಲಿ ಪ್ರಕಟಿಸಿದೆ. ಅವು ಸಾಮಾನ್ಯ ಕಂಪ್ಯೂಟರಿನಲ್ಲೇ ಓಡುತ್ತವೆ. ಇಂದು ಕದ್ದಿಟ್ಟ ಜಮೀನು ದಾಖಲೆ, ಆಸ್ಪತ್ರೆಯ ಕಡತವನ್ನು ಇಪ್ಪತ್ತು ವರ್ಷದ ಮೇಲೆ ಬಿಚ್ಚುವವರಿರಬಹುದು.

ಮನುಷ್ಯರ ಮಾತಿಗೆ ಬರೋಣ. ಕ್ವಾಂಟಮ್ ಯಂತ್ರಕ್ಕೆ ಸಿದ್ಧಾಂತ ಬಲ್ಲವರಷ್ಟೇ ಸಾಲದು. ಹೊಸೂರಿನ ಸಿಪ್ಕಾಟ್ ಕೈಗಾರಿಕಾ ವಲಯದ ಕಾರ್ಖಾನೆಗಳಲ್ಲಿ ಮೈಕ್ರಾನಿನ ಅಳತೆಗೆ ಲೋಹ ಕಡೆಯುವ ಕೈಗಳು, ನಿರ್ವಾತ ಪಂಪು, ಅತಿ ತಂಪು, ಲೇಸರ್ ಬಲ್ಲ ತಂತ್ರಜ್ಞರು ಬೇಕು. ಅಂಥ ಕೈಗಳು ಜೂಜುವಾಡಿ, ಹೊಸೂರು, ದೇಂಕಣಿಕೋಟೆಯ ಮನೆಗಳಲ್ಲಿವೆ. ಅವರ ಮಕ್ಕಳಿಗೆ ಈ ವಿಜ್ಞಾನ ಮನೆಮಾತಿನಲ್ಲಿ ಸಿಗಬೇಕು. ಕನ್ನಡದಲ್ಲಿ ಹೇಳಲಾಗದ ಕ್ವಾಂಟಮ್ ತತ್ವ ಯಾವುದೂ ಇಲ್ಲ.

ಗಡಿಯ ಎರಡೂ ಕಡೆಯ ಶಿಕ್ಷಕರಲ್ಲಿ ಒಂದು ಬೇಡಿಕೆ. ಕೆಟ್ಟ ಕ್ಯಾಲ್ಕ್ಯುಲೇಟರುಗಳ ಪರದೆಯಿಂದ ಪೋಲರಾಯ್ಡ್ ಹಾಳೆಯ ಮೂರು ತುಂಡು ಬಿಡಿಸಿಟ್ಟುಕೊಳ್ಳಿ. ಎರಡನ್ನು ಒಂದಕ್ಕೊಂದು ಅಡ್ಡವಾಗಿ ಹಿಡಿಯಿರಿ, ಕತ್ತಲೆಯಾಗುತ್ತದೆ. ಮೂರನೆಯದನ್ನು ನಡುವೆ 45 ಡಿಗ್ರಿ ಓರೆಯಾಗಿ ತೂರಿಸಿ, ಬೆಳಕು ಬರುತ್ತದೆ. ಬೆಳಕನ್ನು ಅಲೆ ಎಂದುಕೊಂಡರೂ ಇದು ಅರ್ಥವಾಗುತ್ತದೆ. ಒಂದೊಂದೇ ಫೋಟಾನ್ ಬಿಟ್ಟಾಗ ಅದೇ ಪ್ರಯೋಗ ದಾಳವಾಗುತ್ತದೆ. ಪ್ರತಿ ಹಾಳೆಯಲ್ಲೂ ಬಾರ್ನ್ ನಿಯಮ ಕೆಲಸ ಮಾಡುತ್ತದೆ. ಪಂಚರತ್ನಂ ಅವರ ಪ್ರದಕ್ಷಿಣೆ, ಬೆಂಗಳೂರಿನ ಆ ಐದು ಪುಟಗಳ ಗುಟ್ಟು ಎರಡೂ ಈ ಧ್ರುವೀಕರಣದಲ್ಲೇ ಇವೆ. ನೂರು ವರ್ಷದ ಶಾಸ್ತ್ರವನ್ನು ನಮ್ಮ ಮಕ್ಕಳಿಗೆ ಪರಿಚಯಿಸಲು ಆ ಮೂರು ಹಾಳೆ ಸಾಕು. ಈ ವಾರವೇ ತರಗತಿಯಲ್ಲಿ ತೋರಿಸಿ.